ಧಾಟಿಯ ಪುಸ್ತಕವೂ ಮೂರು ಬೆರಳುಗಳೂ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಹಳೆಯ ಮನೆಗಳ ಮರದ ಪೆಟ್ಟಿಗೆಗಳಲ್ಲಿ ಇಂದಿಗೂ ಒಂದು ಬಗೆಯ ನೋಟುಪುಸ್ತಕ ದೊರೆಯುತ್ತದೆ. ರಟ್ಟು ಸವೆದು, ಅಂಚು ಹಳದಿಗಟ್ಟಿದ ಆ ಪುಸ್ತಕಗಳಲ್ಲಿ ಮನೆಯ ಹೆಂಗಸರು ಮದುವೆ, ಉಪನಯನ, ಸೀಮಂತ, ಗೌರಿಹಬ್ಬಗಳಿಗೆ ಬೇಕಾದ ಹಾಡುಗಳನ್ನು ಬರೆದಿಟ್ಟಿರುತ್ತಾರೆ. ಕೆಲವು ಅಜ್ಜಿಯರ ಕಾಲದಿಂದ ಬಂದ ಸಂಪ್ರದಾಯದ ಹಾಡುಗಳು. ಇನ್ನು ಕೆಲವು ಬರೆದವರೇ ಕಟ್ಟಿದವು. ಹೀಗೆ ಕಟ್ಟಿದ ಹಾಡಿನ ನೆತ್ತಿಯ ಮೇಲೆ 'ಧಾಟಿ' ಎಂಬ ಪದ, ಅದರ ಮುಂದೆ ಆ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಯಾವುದೋ ಚಲನಚಿತ್ರ ಗೀತೆಯ ಮೊದಲೆರಡು ಪದಗಳು. ಹಸೆಗೆ ಕರೆಯುವ ಹಾಡು ನಾಯಕಿಯ ವಿರಹಗೀತೆಯ ಮಟ್ಟಿನಲ್ಲಿ ಸಾಗುವುದೂ, ತುಳಸಿಯ ಸ್ತುತಿ ನಾಯಕನ ಪ್ರಣಯಗೀತೆಯ ಮಟ್ಟಿನಲ್ಲಿ ಸಾಗುವುದೂ ಅಲ್ಲಿ ಯಾರಿಗೂ ಅಸಂಗತವೆನಿಸುತ್ತಿರಲಿಲ್ಲ.

ನನ್ನ ತಾಯಿಯ ಪೆಟ್ಟಿಗೆಯಲ್ಲೂ ಅಂಥದೊಂದು ಪುಸ್ತಕವಿತ್ತು. ಕಾಲೇಜಿಗೆ ಹೋಗಿ ನಾಲ್ಕಕ್ಷರ ಕಲಿತ ಗರ್ವದಲ್ಲಿ ನಾನು ಅದನ್ನು ಕಂಡು ನಕ್ಕಿದ್ದೆ. ಸಾಲ ತಂದ ರಾಗಕ್ಕೆ ಸ್ವಂತ ಮಾತು ಹೊಂದಿಸುವುದು ಸೃಷ್ಟಿಯಲ್ಲ, ಅನುಕರಣೆ ಎಂಬುದು ಆಗಿನ ನನ್ನ ತೀರ್ಮಾನವಾಗಿತ್ತು. ಆ ತೀರ್ಮಾನ ಎಷ್ಟು ತಪ್ಪೆಂಬುದು ನಿವೃತ್ತಿಯ ನಂತರ ಒಂದು ಹಾಡು ಕಟ್ಟಲು ಸ್ವತಃ ಕುಳಿತಾಗ ತಿಳಿಯಿತು. ಧಾಟಿಗೆ ಮಾತು ಹೊಂದಿಸುವವರು ಮಾಡುವ ಕೆಲಸ ಸಣ್ಣದಲ್ಲ. ರಾಗ ನೀಳವಾಗಿ ನಿಲ್ಲುವ ಕಡೆ ದೀರ್ಘಾಕ್ಷರ ಬರಬೇಕು. ಉಸಿರು ತೆಗೆದುಕೊಳ್ಳುವ ಕಡೆ ಪದ ಮುಗಿಯಬೇಕು. ತಾಳದ ಪೆಟ್ಟು ಬೀಳುವಲ್ಲಿ ಅರ್ಥದ ಭಾರವೂ ಬೀಳಬೇಕು. ಇಷ್ಟೇ ಮಾತ್ರೆ, ಅದರೊಳಗೇ ಎಲ್ಲ ವೆಚ್ಚ ಎಂಬ ಬಿಗಿಯಾದ ಆಯವ್ಯಯ ಅದು. ಅರ್ಥಶಾಸ್ತ್ರದ ಎಂ.ಎ. ಮುಗಿಸಿದ ನನಗೆ ಸೀಮಿತ ಸಂಪನ್ಮೂಲದ ಪಾಠ ಪುಸ್ತಕದಿಂದ ಬಂದಿತ್ತು. ನನ್ನ ತಾಯಿಗೆ ಅದು ಹಾಡಿನಿಂದ ಬಂದಿತ್ತು. ಛಂದಸ್ಸು ಎಂಬ ಪದವನ್ನು ಬಳಸದೆಯೇ ಅವರು ಛಂದಸ್ಸನ್ನು ಕಲಿತಿದ್ದರು.

ಯಕ್ಷಗಾನದ ಪ್ರಸಂಗಕರ್ತರು ಮಾಡುತ್ತ ಬಂದಿರುವುದೂ ಇದನ್ನೇ ಅಲ್ಲವೆ? ಪರಿಚಿತ ಮಟ್ಟು, ಪರಿಚಿತ ತಾಳ, ಅದರೊಳಗೆ ಹೊಸ ಕಥೆಯ ಹೊಸ ಪದ್ಯ. ಭಾಮಿನಿ ಷಟ್ಪದಿಯ ಚೌಕಟ್ಟನ್ನೇ ನೋಡಿ: ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದಾದ ಮೇಲೊಂದು ಬಂದು 14 ಮಾತ್ರೆಯ ಎರಡು ಸಾಲುಗಳು, ಬಳಿಕ 23 ಮಾತ್ರೆಯ ಒಂದು ನೀಳ ಸಾಲು, ಇದೇ ಕ್ರಮ ಮತ್ತೊಮ್ಮೆ. ಕುಮಾರವ್ಯಾಸನನ್ನು ಬಾಯಿಪಾಠ ಮಾಡಿದವನ ಕಿವಿಯಲ್ಲಿ ಏಳರ ಆ ನಡೆ ಕೂತುಬಿಡುತ್ತದೆ. ಆಮೇಲೆ ಅವನು ಎಣಿಸದೆಯೇ ಷಟ್ಪದಿ ಬರೆಯಬಲ್ಲ. ಜನಪ್ರಿಯವಾದದ್ದನ್ನು ಬಿಚ್ಚಿ ನೋಡಿ ಕಟ್ಟುವುದನ್ನು ಕಲಿಯುವ ಕ್ರಮ ನಮ್ಮಲ್ಲಿ ಹೊಸತೇನೂ ಅಲ್ಲ. ಬಿ.ಎಂ.ಶ್ರೀಯವರ 'ಇಂಗ್ಲಿಷ್ ಗೀತಗಳು' ಕೂಡ ಒಂದರ್ಥದಲ್ಲಿ ಧಾಟಿಯ ಪುಸ್ತಕವೇ. ಪರಭಾಷೆಯ ಭಾವಗೀತೆಗಳನ್ನು ಕನ್ನಡಕ್ಕೆ ಹೊಂದಿಸುವ ಯತ್ನದಲ್ಲಿ ಅವರು ಕನ್ನಡ ಕವಿತೆಗೆ ಹೊಸ ನಡೆಗಳನ್ನೇ ತೆರೆದರು.

ಆದರೆ ಧಾಟಿಯ ಪುಸ್ತಕದಲ್ಲಿ ಹಾಡಿನ ಅರ್ಧ ಮಾತ್ರ ಇದೆ. ಮಾತಿದೆ, ಮಟ್ಟಿದೆ, ಮಟ್ಟಿನ ಕೆಳಗೆ ನಿಂತು ಅದಕ್ಕೆ ಬಣ್ಣ ಕೊಡುವ ಸ್ವರಗಳ ಆಧಾರ ಅಲ್ಲಿಲ್ಲ. ಈ ಲೇಖನದ ಕಾಳಜಿ ಆ ಇನ್ನರ್ಧದ ಕುರಿತಾದದ್ದು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಸೇವೆಯಲ್ಲಿದ್ದಾಗ ಈ ಮೂರು ತಾಲ್ಲೂಕುಗಳ ಪೈಕಿ ಒಂದರಲ್ಲಿ ನಡೆದ ವಿದ್ಯಾರ್ಥಿಗಳ ಸಾಂಸ್ಕೃತಿಕ ಸಮಾರಂಭಕ್ಕೆ ಅತಿಥಿಯಾಗಿ ಹೋಗಿದ್ದೆ. ಹದಿನೆಂಟರ ಆಸುಪಾಸಿನ ಹುಡುಗನೊಬ್ಬ ಗಿಟಾರ್ ಹಿಡಿದು ಬಂದು, ತಾನೇ ಬರೆದು ರಾಗ ಹಾಕಿದ ಹಾಡೊಂದನ್ನು ಹಾಡಿದ. ಹಾಡು ಹಸಿಹಸಿಯಾಗಿತ್ತು, ಶ್ರುತಿ ಅಲ್ಲಲ್ಲಿ ಜಾರಿತ್ತು. ವೇದಿಕೆಯ ಗಾಂಭೀರ್ಯಕ್ಕೆ ಕಟ್ಟುಬಿದ್ದು ನಾನು, "ನಮ್ಮಲ್ಲಿ ಮಹಾಕವಿಗಳ ಗೀತೆಗಳು ಬೇಕಾದಷ್ಟಿವೆ, ಅವನ್ನು ಚೆನ್ನಾಗಿ ಹಾಡುವುದನ್ನು ಮೊದಲು ಕಲಿಯಬೇಕು" ಎಂದು ಉಪದೇಶ ಮಾಡಿದೆ. ಸಭೆ ಚಪ್ಪಾಳೆ ತಟ್ಟಿತು. ಆ ಹುಡುಗ ಮಾತ್ರ ತಲೆ ತಗ್ಗಿಸಿಕೊಂಡು ಇಳಿದುಹೋದ. ಅವನ ಹಾಡಿನಲ್ಲಿ ನಾನು ಕೇಳಿಸಿಕೊಳ್ಳದೆ ಹೋದದ್ದು ಏನೆಂಬುದು ಈಗ ತಿಳಿಯುತ್ತಿದೆ: ಅವನ ಎಡಗೈ ಸ್ವರಗುಚ್ಛಗಳನ್ನು ಒಂದೊಂದಾಗಿ ಬದಲಿಸುತ್ತಿತ್ತು, ಸರಿಯಾದ ಜಾಗದಲ್ಲಿ ಬದಲಿಸುತ್ತಿತ್ತು. ಅದನ್ನು ಅವನಿಗೆ ಯಾವ ಶಾಲೆಯೂ ಕಲಿಸಿರಲಾರದು.

ನಿವೃತ್ತಿಯ ನಂತರ ನನಗೆ ಈ ಪಾಠ ಹೇಳಿದವರು ಮದುವೆ, ಗಣೇಶೋತ್ಸವಗಳಲ್ಲಿ ರಸಮಂಜರಿ ಕಾರ್ಯಕ್ರಮ ನೀಡುವ ತಂಡದ ಕೀಬೋರ್ಡ್ ವಾದಕರೊಬ್ಬರು. ಮನೆಯಲ್ಲಿದ್ದ ಹಳೆಯ ಹಾರ್ಮೋನಿಯಂ ಮೇಲೆ ನಾನು ಒಂದೇ ಬೆರಳಿನಿಂದ ಹಾಡು ಹುಡುಕುತ್ತಿದ್ದುದನ್ನು ಕೇಳಿ, "ಸಾರ್, ಒಂದು ಬೆರಳು ಸಾಲದು, ಮೂರು ಬೆರಳು ಇಡಿ" ಎಂದರು. ಷಡ್ಜ, ಅಂತರ ಗಾಂಧಾರ, ಪಂಚಮ, ಈ ಮೂರನ್ನೂ ಒಟ್ಟಿಗೆ ಒತ್ತಿಸಿದರು. ಕೋಣೆ ತುಂಬಿದಂತಾಯಿತು. ಬಳಿಕ ಗಾಂಧಾರವನ್ನು ಒಂದು ಮನೆ ಕೆಳಗಿಳಿಸಿ ಸಾಧಾರಣ ಗಾಂಧಾರವಾಗಿಸಿದರು. ಅದೇ ಕೋಣೆಗೆ ಮೋಡ ಮುಸುಕಿತು. ಪಾಶ್ಚಾತ್ಯರು ಕಾರ್ಡ್ ಎಂದು ಕರೆಯುವ ಸ್ವರಗುಚ್ಛದ ಮೊದಲ ಪಾಠ ಇಷ್ಟೇ. ಮೊದಲನೆಯದು ಮೇಜರ್, ಎರಡನೆಯದು ಮೈನರ್. ಅರ್ಧ ಸ್ವರದ ಅಂತರದಲ್ಲಿ ಭಾವವೇ ಬದಲಾಗುತ್ತದೆ.

ಎರಡನೆಯ ಪಾಠ ನನ್ನನ್ನು ಇನ್ನಷ್ಟು ಬೆರಗುಗೊಳಿಸಿತು. ಧೀರಶಂಕರಾಭರಣದ ಏಳು ಸ್ವರಗಳನ್ನು ತೆಗೆದುಕೊಳ್ಳಿ. ಷಡ್ಜದ ಗುಚ್ಛ ಸ-ಗ-ಪ. ಮಧ್ಯಮದ ಗುಚ್ಛ ಮ-ಧ-ಸ. ಪಂಚಮದ ಗುಚ್ಛ ಪ-ನಿ-ರಿ. ಈ ಮೂರನ್ನು ಸೇರಿಸಿದರೆ ಏಳೂ ಸ್ವರಗಳು ಬಂದುಬಿಡುತ್ತವೆ. ಎಂದರೆ, ಆ ರಾಗದ ಚೌಕಟ್ಟಿನಲ್ಲಿ ಯಾವ ಸರಳ ಹಾಡನ್ನು ಹಾಡಿದರೂ ಅದರ ಪ್ರತಿಯೊಂದು ಸ್ವರಕ್ಕೂ ಈ ಮೂರು ಗುಚ್ಛಗಳಲ್ಲಿ ಒಂದಾದರೂ ಆಸರೆಯಾಗಬಲ್ಲದು. ಜಗತ್ತಿನ ಅಸಂಖ್ಯ ಜನಪ್ರಿಯ ಹಾಡುಗಳು ಮೂರೇ ಕಾರ್ಡುಗಳ ಮೇಲೆ ನಿಂತಿರುವುದರ ಗುಟ್ಟು ಇದು. ಇನ್ನೂ ಒಂದು ಮಾತು: ಪಂಚಮದ ಗುಚ್ಛದಲ್ಲಿರುವ ಕಾಕಲಿ ನಿಷಾದ ಷಡ್ಜಕ್ಕೆ ಅರ್ಧ ಸ್ವರದಷ್ಟೇ ದೂರ. ಅದು ಷಡ್ಜದ ಕಡೆಗೆ ಎಳೆಯುತ್ತದೆ. ಚರಣದ ಕೊನೆಯಲ್ಲಿ ವಾದ್ಯಗಳು ಪಂಚಮದ ಗುಚ್ಛದ ಮೇಲೆ ತುಸು ತಂಗಿ, ಪಲ್ಲವಿ ಷಡ್ಜದ ಗುಚ್ಛದೊಂದಿಗೆ ಮರಳಿದಾಗ ನಮಗೆ ಮನೆಗೆ ಬಂದಂತಾಗುವುದು ಈ ಕಾರಣದಿಂದ. ನಾವು ಅರವತ್ತು ವರ್ಷ ಅನುಭವಿಸಿದ ಸುಖಕ್ಕೆ ಇಂಥದೊಂದು ಲೆಕ್ಕವಿತ್ತೆಂದು ತಿಳಿದಾಗ ಸುಖ ಕಡಿಮೆಯಾಗಲಿಲ್ಲ, ಹೆಚ್ಚಿತು.

ಮೂರನೆಯ ಪಾಠ: ಒಂದೇ ಸ್ವರಕ್ಕೆ ಹಲವು ಬೆಳಕು. ಗಾಂಧಾರವನ್ನು ನೀಳವಾಗಿ ಹಾಡುತ್ತಿರಿ. ಕೆಳಗೆ ಸ-ಗ-ಪ ಒತ್ತಿದರೆ ಅದು ನೆಮ್ಮದಿಯ ಸ್ವರ. ಧ-ಸ-ಗ ಒತ್ತಿದರೆ ಅದೇ ಗಾಂಧಾರ ನೆನಪಿನ ನೋವಾಗುತ್ತದೆ. ಗ-ಪ-ನಿ ಒತ್ತಿದರೆ ಇನ್ನೇನನ್ನೋ ನಿರೀಕ್ಷಿಸುತ್ತ ನಿಂತಂತಾಗುತ್ತದೆ. ಹಾಡುವವರು ಏನನ್ನೂ ಬದಲಿಸಿಲ್ಲ. ಕೆಳಗಿನ ಬೆಳಕು ಬದಲಾಗಿದೆ. ನಮ್ಮ ಶಾಸ್ತ್ರೀಯ ಸಂಗೀತದಲ್ಲಿ ಗಾಯಕರು ಗಮಕದಿಂದ ಸಾಧಿಸುವ ಭಾವಪಲ್ಲಟವನ್ನು ಚಲನಚಿತ್ರ ಸಂಗೀತ ಹಲವೊಮ್ಮೆ ಹೀಗೆ ಸಾಧಿಸುತ್ತದೆ.

ಇಷ್ಟು ತಿಳಿದ ಉತ್ಸಾಹದಲ್ಲಿ ನಾನು ಮೋಹನ ರಾಗದಲ್ಲಿ ನಾಲ್ಕು ಸಾಲಿನ ಹಾಡೊಂದನ್ನು ಕಟ್ಟಿ, ಅದರ ಕೆಳಗೆ ಈ ಮೂರೂ ಗುಚ್ಛಗಳನ್ನು ಹೇರಿದೆ. ಹಾಡು ಕೆಟ್ಟಿತು. ಕಾರಣ ಹುಡುಕಲು ಎರಡು ದಿನ ಹಿಡಿಯಿತು. ಮೋಹನದಲ್ಲಿ ಮಧ್ಯಮವೂ ಇಲ್ಲ, ನಿಷಾದವೂ ಇಲ್ಲ. ಮ-ಧ-ಸ ಒತ್ತಿದಾಗ ರಾಗಕ್ಕೆ ಬೇಡದ ಮಧ್ಯಮ ನುಗ್ಗಿತ್ತು. ಪ-ನಿ-ರಿ ಒತ್ತಿದಾಗ ನಿಷಾದ. ಸ-ರಿ-ಗ-ಪ-ಧ ಎಂಬ ಐದೇ ಸ್ವರಗಳೊಳಗೆ ಹುಡುಕಿದರೆ ಪೂರ್ಣ ಗುಚ್ಛಗಳು ಸಿಗುವುದು ಎರಡೇ: ಸ-ಗ-ಪ ಮತ್ತು ಧ-ಸ-ಗ. ನನ್ನ ಗುರುಗಳನ್ನು ಕೇಳಿದೆ. ಅವರು ನಿಷಾದದ ಬೆರಳನ್ನು ಎತ್ತಿಸಿ, ಪ-ರಿ ಎರಡನ್ನೇ ಒತ್ತಿಸಿದರು. ಮೋಹನ ಮೋಹನವಾಗಿಯೇ ಉಳಿಯಿತು, ಆಧಾರವೂ ಸಿಕ್ಕಿತು. "ಯಾವುದನ್ನು ಬಿಡಬೇಕು ಅಂತ ಹಾಡೇ ಹೇಳುತ್ತೆ ಸಾರ್" ಎಂದರು. ಆಡಳಿತದಲ್ಲಿ ಮೂವತ್ತು ವರ್ಷ ಕಳೆದರೂ ನನಗೆ ಸರಿಯಾಗಿ ಬಾರದಿದ್ದ ಪಾಠವದು.

ಅಂದಿನಿಂದ ರಾಗಗಳನ್ನು ಈ ಕಣ್ಣಿನಿಂದಲೂ ನೋಡತೊಡಗಿದೆ. ಸಂಗೀತಾಭ್ಯಾಸದ ಮೊದಲ ದಿನ ನಾವೆಲ್ಲ ಹಾಡುವ ಮಾಯಾಮಾಳವಗೌಳದಲ್ಲಿ ಪಂಚಮದ ಮೇಲೆ ಮೇಜರ್ ಗುಚ್ಛ ನಿಲ್ಲುವುದೇ ಇಲ್ಲ, ಏಕೆಂದರೆ ಅದಕ್ಕೆ ಬೇಕಾದ ಚತುಶ್ರುತಿ ರಿಷಭ ಅಲ್ಲಿಲ್ಲ; ಅದರ ಬದಲು ಷಡ್ಜದ ಪಕ್ಕದಲ್ಲೇ, ಶುದ್ಧ ರಿಷಭದ ಮೇಲೆ, ಒಂದು ಮೇಜರ್ ಗುಚ್ಛ ಅಡಗಿ ಕುಳಿತಿದೆ. ಕೀರವಾಣಿಯಲ್ಲಿ ಷಡ್ಜದ ಗುಚ್ಛ ಮೈನರ್, ಪಂಚಮದ ಗುಚ್ಛ ಮೇಜರ್. ವಿಷಾದವೂ ಇದೆ, ಮನೆಗೆ ಎಳೆಯುವ ಸೆಳೆತವೂ ಇದೆ. ಪಾಶ್ಚಾತ್ಯರ ಹಾರ್ಮಾನಿಕ್ ಮೈನರ್ ಎಂಬ ಶ್ರೇಣಿಗೂ ಕೀರವಾಣಿಗೂ ಸ್ವರಗಳು ಒಂದೇ. ಚಲನಚಿತ್ರ ಸಂಗೀತಗಾರರಿಗೆ ಈ ರಾಗ ಅಷ್ಟು ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ.

ಹಾರ್ಮೋನಿ ನಮ್ಮದಲ್ಲ, ಹೊರಗಿನ ಸರಕು ಎನ್ನುವವರಿದ್ದಾರೆ. ಮೈಸೂರಿನ ಚರಿತ್ರೆ ಈ ಮಾತನ್ನು ಒಪ್ಪುವುದಿಲ್ಲ. ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದ ಗಂಭೀರ ಅಭ್ಯಾಸಿಯೂ ಆಗಿದ್ದರು. 1945ರಲ್ಲಿ ಲಂಡನ್ನಿನ ಟ್ರಿನಿಟಿ ಕಾಲೇಜು ಅವರಿಗೆ ಗೌರವ ಫೆಲೋ ಪದವಿ ನೀಡಿತು. ರಷ್ಯದ ಸಂಗೀತಕಾರ ಮೆಡ್ಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಅವರು ಧನಸಹಾಯ ಮಾಡಿದರು. ಪಿ. ಕಾಳಿಂಗರಾಯರು ಭಾವಗೀತೆಯನ್ನು ಮನೆಮನೆಗೆ ಮುಟ್ಟಿಸಿದಾಗ ಅದರ ಹಿನ್ನೆಲೆಯಲ್ಲಿ ಪಾಶ್ಚಾತ್ಯ ವಾದ್ಯಗಳ ಛಾಯೆ ಆಗಲೇ ಇತ್ತು. ನಮ್ಮ ಕುವೆಂಪು ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದಾಗ ಕನ್ನಡದಲ್ಲಿ ಬರೆಯಿರೆಂದು 1924ರಲ್ಲಿ ಹೇಳಿದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರ ಹೆಸರು ಎಲ್ಲರಿಗೂ ಗೊತ್ತು. ಅವರ ಪತ್ನಿ ಮಾರ್ಗರೆಟ್ ಕಸಿನ್ಸ್ ಸಂಗೀತದಲ್ಲಿ ಪದವಿ ಪಡೆದಿದ್ದರು. 1919ರ ಫೆಬ್ರುವರಿಯಲ್ಲಿ ಮದನಪಲ್ಲಿಯಲ್ಲಿ ರವೀಂದ್ರರು ತಂಗಿದ್ದಾಗ ಮುಂದೆ ರಾಷ್ಟ್ರಗೀತೆಯಾದ ಗೀತೆಯ ಮಟ್ಟನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದುಕೊಂಡವರು ಅವರೇ ಎಂಬುದು ಅಷ್ಟಾಗಿ ಗೊತ್ತಿಲ್ಲ. ಎರಡು ಸಂಗೀತಗಳ ನಡುವಿನ ಬಾಗಿಲು ನಾವು ಭಾವಿಸಿದ್ದಕ್ಕಿಂತ ಹಿಂದೆಯೇ ತೆರೆದಿತ್ತು.

ಕನ್ನಡ ಚಲನಚಿತ್ರಗಳ ಹಾಡುಗಳು ಬಹುಕಾಲ ಮುದ್ರಣಗೊಂಡದ್ದು ಮದ್ರಾಸಿನ ಸ್ಟುಡಿಯೋಗಳಲ್ಲಿ. ಹಾರ್ಮೋನಿಯ ಜ್ಞಾನವೂ ಅಲ್ಲೇ ಬೆಳೆಯಿತು, ಬಹುಪಾಲು ಅಲ್ಲೇ ಉಳಿಯಿತು. ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ದುಡಿದ ಇಳಯರಾಜ, ಧನರಾಜ್ ಮಾಸ್ಟರ್ ಅವರಲ್ಲಿ ಪಾಶ್ಚಾತ್ಯ ಸಂಗೀತ ಕಲಿತು, 1976ರಲ್ಲಿ ಸ್ವತಂತ್ರ ಸಂಗೀತ ನಿರ್ದೇಶಕರಾದರು. ಮುಂದೆ 'ಗೀತಾ' (1981), 'ಪಲ್ಲವಿ ಅನುಪಲ್ಲವಿ' (1983) ಚಿತ್ರಗಳ ಮೂಲಕ ಕನ್ನಡಕ್ಕೂ ಬಂದರು. ಆ ಚಿತ್ರಗಳ ಹಾಡುಗಳಲ್ಲಿ ಗಾಯಕರ ದನಿಯನ್ನು ಬಿಟ್ಟು ಅತ್ಯಂತ ಕೆಳಗಿನ ಮಂದ್ರ ವಾದ್ಯವನ್ನೇ ಹಿಂಬಾಲಿಸಿ ಕೇಳಿ. ಅದು ಬೇರೆಯೇ ಒಂದು ಹಾಡನ್ನು ಹಾಡುತ್ತಿರುತ್ತದೆ. ರಾಜನ್-ನಾಗೇಂದ್ರರ 'ಎರಡು ಕನಸು' (1974), ವಿಜಯಭಾಸ್ಕರ್ ಅವರ 'ನಾಗರಹಾವು' (1972), ಮನೋಮೂರ್ತಿಯವರ 'ಮುಂಗಾರು ಮಳೆ' (2006) ಚಿತ್ರಗಳ ಹಾಡುಗಳೂ ಹೀಗೆ ಬಿಚ್ಚಿ ನೋಡಲು ಯೋಗ್ಯವಾದ ಪಠ್ಯಗಳೇ. ಸಾಹಿತ್ಯವನ್ನೂ ಸಂಗೀತವನ್ನೂ ಒಬ್ಬರೇ ಕಟ್ಟುವುದು ಹೇಗೆಂದು ಕಾಣಬೇಕಾದವರು ಹಂಸಲೇಖರ 'ಪ್ರೇಮಲೋಕ'ವನ್ನು (1987) ಮುಂದಿಟ್ಟುಕೊಳ್ಳಬಹುದು.

ಇಲ್ಲೊಂದು ಮುಖ್ಯ ಭೇದವನ್ನು ಕಲಿಯುವವರು ಗಮನಿಸಬೇಕು. ಚಲನಚಿತ್ರದಲ್ಲಿ ಸಾಮಾನ್ಯವಾಗಿ ರಾಗ ಮೊದಲು, ಮಾತು ಆಮೇಲೆ. ಭಾವಗೀತೆಯಲ್ಲಿ ಕವಿತೆ ಮೊದಲು, ರಾಗ ಆಮೇಲೆ. ಎರಡೂ ದಾರಿಗಳಲ್ಲಿ ನಡೆದು ನೋಡದವರಿಗೆ ಗೀತರಚನೆ ಪೂರ್ಣವಾಗಿ ತಿಳಿಯದು. ಎರಡನೆಯ ದಾರಿಯ ಅತ್ಯುತ್ತಮ ಪಾಠವೊಂದು ನಾಡಗೀತೆಯ ರೂಪದಲ್ಲಿ ನಮ್ಮೆಲ್ಲರ ಮುಂದಿದೆ. ಕುವೆಂಪು ಅವರ ಗೀತೆಯನ್ನು ಸರ್ಕಾರ 2004ರಲ್ಲಿ ನಾಡಗೀತೆಯಾಗಿ ಅಂಗೀಕರಿಸಿತು. ಮೈಸೂರು ಅನಂತಸ್ವಾಮಿಯವರ ಮಟ್ಟೋ, ಸಿ. ಅಶ್ವಥ್ ಅವರ ಮಟ್ಟೋ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. 2022ರ ಸೆಪ್ಟೆಂಬರಿನಲ್ಲಿ ಅನಂತಸ್ವಾಮಿಯವರ ಮಟ್ಟಿನಲ್ಲಿ 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂಬ ಆದೇಶ ಹೊರಟಿತು. ವಿಷಯ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು. ಯಾವುದು ಸರಿ ಎಂದು ವಾದಿಸಿದ ನಾವು, ಒಂದೇ ಮಾತಿಗೆ ಇಬ್ಬರು ಸಮರ್ಥರು ಎರಡು ದೇಹಗಳನ್ನು ಹೇಗೆ ಕೊಟ್ಟರೆಂದು ವಿದ್ಯಾರ್ಥಿಗಳಿಗೆ ತೋರಿಸುವ ಅವಕಾಶವನ್ನು ಕಳೆದುಕೊಂಡೆವು. ಯಾವ ಪದದ ಮೇಲೆ ಯಾರು ತಂಗಿದರು, ಯಾವುದನ್ನು ಬೇಗ ದಾಟಿದರು, ಎಲ್ಲಿ ಮೇಲಕ್ಕೇರಿದರು ಎಂದು ಎರಡು ಅಂಕಣಗಳಲ್ಲಿ ಬರೆದು ನೋಡಿದರೆ ಗೀತಸಂಯೋಜನೆಯ ಅರ್ಧ ಪಾಠ ಮುಗಿದಂತೆ.

ಈ ಮೂರು ತಾಲ್ಲೂಕುಗಳನ್ನು ನೆನೆದಾಗ ನನಗೆ ಹೆಮ್ಮೆಯೂ ಖೇದವೂ ಒಟ್ಟಿಗೆ ಆಗುತ್ತವೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ ಕುವೆಂಪು ಅವರನ್ನು ಕೊಟ್ಟಿತು. ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣನವರು ಚಂದ್ರಶೇಖರ ಕಂಬಾರರ 'ಕಾಡು ಕುದುರೆ'ಯ ಹಾಡಿಗಾಗಿ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗರಾದರು. 2022ರಲ್ಲಿ ಅವರು ನಮ್ಮನ್ನಗಲಿದಾಗ ಒಂದು ಕಾಲವೇ ಮುಗಿದಂತಾಯಿತು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ರಂಗಗೀತೆಗೆ ನೆಲೆಯಾಯಿತು. ಅದೇ ತಾಲ್ಲೂಕಿನ ಜೋಗವನ್ನು ನೆನೆಯುವ ಕೆ.ಎಸ್. ನಿಸಾರ್ ಅಹಮದರ 'ನಿತ್ಯೋತ್ಸವ' 1978ರಲ್ಲಿ ಧ್ವನಿಸುರುಳಿಯಾಗಿ ಬಂದು ಭಾವಗೀತೆಗಳ ಕ್ಯಾಸೆಟ್ ಯುಗಕ್ಕೆ ನಾಂದಿ ಹಾಡಿತು. ಮಾತಿಗೆ ಬರವಿಲ್ಲ, ಕಂಠಕ್ಕೆ ಬರವಿಲ್ಲ, ಕೇಳುವ ಕಿವಿಗೂ ಬರವಿಲ್ಲ. ಆದರೆ ಇವೆರಡನ್ನು ಬೆಸೆಯುವ ಸಂಯೋಜನೆಯ ವಿದ್ಯೆಯನ್ನು ಕಲಿಯಬೇಕೆಂದರೆ ಇಲ್ಲಿನ ಹುಡುಗ ಹುಡುಗಿಯರು ಬೆಂಗಳೂರಿನ ಬಸ್ಸು ಹತ್ತಬೇಕು. ಸಂಗೀತದ ಜೂನಿಯರ್, ಸೀನಿಯರ್ ಪರೀಕ್ಷೆಗಳಿಗೆ ಕಟ್ಟುವ ಮಕ್ಕಳು ಸರಳೆ, ಅಲಂಕಾರ, ಗೀತೆ, ವರ್ಣ, ಕೀರ್ತನೆಗಳನ್ನು ಶ್ರದ್ಧೆಯಿಂದ ಕಲಿಯುತ್ತಾರೆ. ಅದು ಬೇಕೇ ಬೇಕು. ಆದರೆ ನಾಲ್ಕು ಸಾಲಿಗೆ ನೀನೊಂದು ಮಟ್ಟು ಹಾಕು ಎಂದು ಆ ಮಕ್ಕಳಿಗೆ ಹೇಳುವವರು ವಿರಳ.

ಹಾರ್ಮೋನಿಯ ಜ್ಞಾನ ನಮ್ಮೂರುಗಳಲ್ಲಿ ಇಲ್ಲವೆಂದಲ್ಲ. ಅದು ರಸಮಂಜರಿ ತಂಡಗಳಲ್ಲಿದೆ, ಚರ್ಚುಗಳ ಗಾಯಕವೃಂದಗಳಲ್ಲಿದೆ. ಹಾಡನ್ನು ಹತ್ತು ಬಾರಿ ಕೇಳಿ, ಮಂದ್ರ ಸ್ವರ ಹಿಡಿದು, ಗುಚ್ಛ ಊಹಿಸಿ, ತಪ್ಪಿ, ತಿದ್ದಿ ಕಲಿತವರು ಅವರು. ಬೀಟಲ್ಸ್ ತಂಡದವರು ಕಲಿತದ್ದೂ ಹೀಗೆಯೇ. ಸ್ವರಲಿಪಿ ಓದಲು ಬಾರದ ಆ ಯುವಕರು, ತಮಗೆ ತಿಳಿಯದ ಒಂದೇ ಒಂದು ಕಾರ್ಡನ್ನು ಬಲ್ಲವರೊಬ್ಬರಿದ್ದಾರೆಂದು ಕೇಳಿ ಲಿವರ್‌ಪೂಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಬಸ್ಸಿನಲ್ಲಿ ಹೋಗಿದ್ದರೆಂದು ಪಾಲ್ ಮೆಕಾರ್ಟ್ನಿ ಹೇಳಿಕೊಂಡಿದ್ದಾರೆ. ಈಗ ಯಾವ ಹಾಡಿನ ಕಾರ್ಡುಗಳನ್ನಾದರೂ ಮೊಬೈಲ್ ಕ್ಷಣದಲ್ಲಿ ತೋರಿಸುತ್ತದೆ. ಯಂತ್ರವೇ ಹಾಡು ಕಟ್ಟಿಕೊಡುವ ಕಾಲವೂ ಬಂದಿದೆ. ಆದರೆ ಕಾರ್ಡಿನ ಹೆಸರು ತಿಳಿಯುವುದು ಬೇರೆ, ಅದು ಅಲ್ಲಿಯೇ ಏಕೆ ಬಂತೆಂದು ತಿಳಿಯುವುದು ಬೇರೆ. ಮೊದಲನೆಯದು ಬಸ್ಸಿನ ವೇಳಾಪಟ್ಟಿ, ಎರಡನೆಯದು ದಾರಿಯ ಪರಿಚಯ.

ಎರಡು ಆಕ್ಷೇಪಗಳನ್ನು ಊಹಿಸಬಲ್ಲೆ. ಮೊದಲನೆಯದು ಶುದ್ಧಿಯದು. ಹಾರ್ಮೋನಿಯಂನ ಸ್ಥಿರ ಸ್ವರಗಳಲ್ಲಿ ಗಮಕ ಬಾರದು, ಅದರ ಶ್ರುತಿವಿಭಜನೆ ನಮ್ಮದಲ್ಲ ಎಂಬ ಕಾರಣಕ್ಕೆ ಆಕಾಶವಾಣಿಯೇ 1940ರಿಂದ 1971ರವರೆಗೆ ಆ ವಾದ್ಯವನ್ನು ದೂರವಿಟ್ಟಿತ್ತು. ಆಕ್ಷೇಪದಲ್ಲಿ ಸತ್ಯಾಂಶವಿದೆ. ತೋಡಿಯ ಗಾಂಧಾರವನ್ನು ಯಾವ ಮೂರು ಬೆರಳೂ ಹಿಡಿಯಲಾರವು. ಹಿಡಿಯಬೇಕಾದ ಅಗತ್ಯವೂ ಇಲ್ಲ. ನಾನು ಹೇಳುತ್ತಿರುವುದು ಕೃತಿಗೆ ಕಾರ್ಡ್ ಹಾಕುವ ಕುರಿತಲ್ಲ, ಹೊಸ ಹಾಡು ಕಟ್ಟುವ ಕುರಿತು. ಎಲ್ಲಿ ಗುಚ್ಛ ಹೊಂದದು ಎಂದು ತಿಳಿಯುವುದೂ ಈ ಕಲಿಕೆಯ ಭಾಗವೇ. ನನಗಂತೂ ಮೋಹನದ ಮೇಲಿನ ಗೌರವ ಹೆಚ್ಚಿದ್ದು ಅದನ್ನು ಕೆಡಿಸಿದ ದಿನವೇ.

ಎರಡನೆಯದು ಕಳವಿನದು. ಕಲಿಯಲು ಬಿಚ್ಚುವುದಕ್ಕೂ ಕದಿಯುವುದಕ್ಕೂ ಗೆರೆ ಎಲ್ಲಿ? ಗೆರೆ ಇದೆ, ಅದನ್ನು ಮಕ್ಕಳಿಗೆ ಆರಂಭದಲ್ಲೇ ಹೇಳಬೇಕು. ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕವಿಯ ಮಾತಿಗೂ ಸಂಯೋಜಕರ ಮಟ್ಟಿಗೂ ಅವರ ಜೀವಿತಾವಧಿ ಹಾಗೂ ಆನಂತರದ 60 ವರ್ಷಗಳ ರಕ್ಷಣೆಯಿದೆ. 2012ರ ತಿದ್ದುಪಡಿ ಗೀತರಚನಕಾರರ ಮತ್ತು ಸಂಯೋಜಕರ ಗೌರವಧನದ ಹಕ್ಕನ್ನು ಬಲಪಡಿಸಿತು. ಮನೆಯಲ್ಲಿ ಕುಳಿತು ಅಭ್ಯಾಸಕ್ಕೆ ಬಿಚ್ಚುವುದು ಒಂದು. ಬೇರೆಯವರ ಮಟ್ಟನ್ನು ತನ್ನದೆಂದು ಪ್ರಕಟಿಸುವುದು ಇನ್ನೊಂದು. ಆದರೆ ನಾಲ್ಕು ಕಾರ್ಡುಗಳ ಸಾಲು ಯಾರ ಸ್ವತ್ತು? ಎಡ್ ಶೀರನ್ ಎಂಬ ಇಂಗ್ಲಿಷ್ ಗಾಯಕ ಮಾರ್ವಿನ್ ಗೇಯವರ 1973ರ ಹಾಡನ್ನು ಕದ್ದರೆಂಬ ದಾವೆ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ನಡೆದಾಗ, ಅವರು ಗಿಟಾರ್ ಹಿಡಿದೇ ಸಾಕ್ಷ್ಯ ನುಡಿದರು. ಇಂಥ ಕಾರ್ಡುಗಳು ಎಲ್ಲ ಗೀತಕಾರರ ಸಾಮಾನ್ಯ ಇಟ್ಟಿಗೆಗಳೆಂಬುದು ಅವರ ವಾದ. 2023ರ ಮೇ ತಿಂಗಳಲ್ಲಿ ತೀರ್ಪುಗಾರರು ಅವರ ಪರವಾಗಿ ನಿಂತರು. ಇಟ್ಟಿಗೆ ಎಲ್ಲರದು, ಮನೆ ಕಟ್ಟಿದವರದು.

ಹಾಗಾದರೆ ಮಾಡಬೇಕಾದುದೇನು? ಹೊಸ ಯೋಜನೆ, ಹೊಸ ಅಕಾಡೆಮಿ, ಹೊಸ ಸಮಿತಿಗಳನ್ನು ನಾನು ಕೇಳುತ್ತಿಲ್ಲ. ಅವುಗಳ ಕಡತಗಳು ಹೇಗೆ ಸಾಗುತ್ತವೆಂದು ಬಲ್ಲವನು ನಾನು. ಈ ಮೂರೂ ತಾಲ್ಲೂಕುಗಳಲ್ಲಿ ಗ್ರಂಥಾಲಯಗಳಿವೆ, ಕಾಲೇಜುಗಳಿವೆ, ಸಂಜೆ ಹೊತ್ತು ಖಾಲಿಯಿರುವ ಕೊಠಡಿಗಳಿವೆ. ತಿಂಗಳಿಗೊಂದು ಸಂಜೆ, ಎರಡು ಗಂಟೆ, ಒಂದೇ ಒಂದು ಹಾಡು. ಊರಿನ ಕೀಬೋರ್ಡ್ ವಾದಕರೊಬ್ಬರು, ಸಂಗೀತ ಶಿಕ್ಷಕರೊಬ್ಬರು, ಕನ್ನಡ ಅಧ್ಯಾಪಕರೊಬ್ಬರು. ಒಬ್ಬರು ಹಾಡಿನ ಕಾರ್ಡುಗಳನ್ನು ಬಿಚ್ಚಿ ತೋರಿಸಲಿ, ಮತ್ತೊಬ್ಬರು ರಾಗವನ್ನು, ಮೂರನೆಯವರು ಮಾತ್ರಾಗಣವನ್ನು. ಮುಂದಿನ ತಿಂಗಳು ಬರುವಾಗ ಮಕ್ಕಳು ಮೂರು ಅಭ್ಯಾಸ ಮಾಡಿಕೊಂಡು ಬರಲಿ: ಮಟ್ಟನ್ನು ಉಳಿಸಿಕೊಂಡು ಮಾತು ಬದಲಿಸುವುದು, ಕಾರ್ಡುಗಳನ್ನು ಉಳಿಸಿಕೊಂಡು ಮಟ್ಟು ಬದಲಿಸುವುದು, ಕೊನೆಗೆ, ಮಾತನ್ನಷ್ಟೇ ಉಳಿಸಿಕೊಂಡು ಎಲ್ಲವನ್ನೂ ಹೊಸದಾಗಿ ಕಟ್ಟುವುದು. ಕೀಬೋರ್ಡಿನ ಸಿದ್ಧ ತಾಳಗಳಿಗೆ ಜೋತುಬಿದ್ದರೆ ಎಲ್ಲ ಹಾಡುಗಳೂ ನಾಲ್ಕರ ನಡೆಗೆ ಬಂದು ಬೀಳುವುದನ್ನು ನನ್ನ ಅಭ್ಯಾಸದಲ್ಲೇ ಕಂಡಿದ್ದೇನೆ. ಕನ್ನಡದ ಐದರ, ಏಳರ ನಡೆಗಳನ್ನು ನೆನಪಿಸಲು ಆ ಕನ್ನಡ ಅಧ್ಯಾಪಕರು ಅಲ್ಲಿರಬೇಕು. ಖರ್ಚು ಚಹಾದ್ದು ಮಾತ್ರ.

ನಾನು ಈವರೆಗೆ ಕಟ್ಟಿದ ಹಾಡುಗಳು ಏಳು. ಹೊರಗೆ ಹಾಡಿಸುವಷ್ಟು ಯೋಗ್ಯತೆ ಅವುಗಳಲ್ಲಿ ಯಾವುದಕ್ಕೂ ಇಲ್ಲ; ಬಹುಶಃ ಒಂದಕ್ಕೆ ಮಾತ್ರ, ಅದೂ ಮನೆಯೊಳಗೆ. ಅದರ ಮಾತು ನನ್ನದಲ್ಲ, ತಾಯಿಯ ಪುಸ್ತಕದ್ದು. ಗೌರಿಯನ್ನು ಕರೆಯುವ ಆ ಹಾಡಿನ ನೆತ್ತಿಯ ಮೇಲಿದ್ದ ಚಿತ್ರಗೀತೆಯ ಧಾಟಿಯನ್ನು ಬಿಟ್ಟು, ಸ್ವತಂತ್ರವಾದ ಮಟ್ಟೊಂದನ್ನು ಹಾಕಿ, ಕೆಳಗೆ ಎರಡು ಗುಚ್ಛಗಳನ್ನು ಇಟ್ಟಿದ್ದೇನೆ. ಅವರು ತಂಗಬೇಕೆಂದಲ್ಲೆಲ್ಲ ದೀರ್ಘಾಕ್ಷರ ಸಿದ್ಧವಾಗಿಯೇ ಇತ್ತು; ನನಗೆ ಹೆಚ್ಚಿನ ಶ್ರಮವಾಗಲಿಲ್ಲ.

ಆ ದಿನ ವೇದಿಕೆಯಿಂದ ಇಳಿದುಹೋದ ಹುಡುಗನಿಗೆ ಈಗ ಮೂವತ್ತೈದು ದಾಟಿರಬೇಕು. ಅವನು ಮತ್ತೆ ಹಾಡು ಕಟ್ಟಿದನೋ, ಗಿಟಾರನ್ನು ಅಟ್ಟಕ್ಕೇರಿಸಿದನೋ ತಿಳಿಯದು. ಹೆಸರನ್ನೂ ನಾನು ಕೇಳಿಕೊಂಡಿರಲಿಲ್ಲ. ಈ ಬರಹ ಅವನ ಕಣ್ಣಿಗೆ ಬಿದ್ದರೆ ಅವನಿಗೊಂದು ವಿನಂತಿ: ಅಂದು ಮೂರನೆಯ ಸಾಲಿನ ಕೊನೆಯಲ್ಲಿ ಮೇಜರಿನಿಂದ ಮೈನರಿಗೆ ಹೊರಳಿದ್ದು ಸರಿಯಾಗಿತ್ತು. ತಪ್ಪಿದ್ದು ಕೇಳುವವರ ಕಿವಿ.